ಲೆಕ್ಕಕ್ಕೆ ಮೂಡ್ ಬರಬೇಕು

ಎಸ್ಸೆಸ್ಸೆಲ್ಸಿ ಹುಡುಗ ಇರುವ ಮನೆಯನ್ನು ಹೊರಗಿನಿಂದಲೇ ಗುರುತಿಸಬಹುದು. ಟಿ.ವಿ. ಸದ್ದು ಅಡಗಿರುತ್ತದೆ, ನೆಂಟರು ಬರುವುದು ನಿಂತಿರುತ್ತದೆ, ಮದುವೆ ಮುಂಜಿಗಳಿಗೆ ಅಪ್ಪ ಒಬ್ಬರೇ ಹೋಗಿ ಉಂಡು ಬರುತ್ತಾರೆ. ಆ ಹುಡುಗನಿಗೆ ಗಣಿತ ಕಂಡರೆ ಆಗದು ಎಂದಾದರೆ ಒಳಗೆ ಹೋಗಿ ನೋಡಬೇಕಾದ ಗುರುತು ಇನ್ನೊಂದಿದೆ: ಗೋಡೆಯ ಮೇಲೆ ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದ ವೇಳಾಪಟ್ಟಿ. ಪಟ್ಟಿ ಎಷ್ಟು ಚೆಂದವೋ ಗಣಿತ ಅಷ್ಟು ಕಷ್ಟ ಎಂದು ತಿಳಿಯಿರಿ.

ಇವನನ್ನು ಪುಟ್ಟ ಎಂದು ಕರೆಯೋಣ. ಬೀದಿಗೊಬ್ಬ ಇರುವುದರಿಂದ ಯಾವ ಹೆಸರಿಟ್ಟರೂ ಯಾರಾದರೊಬ್ಬ ತಾಯಿ ‘ಇದು ನಮ್ಮವನೇ’ ಅನ್ನುತ್ತಾರೆ.

ಪುಟ್ಟ ಸೋಮಾರಿಯಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಸೋಮಾರಿಗೆ ಗಣಿತವೂ ಒಂದೇ, ಸಮಾಜ ವಿಜ್ಞಾನವೂ ಒಂದೇ. ಪುಟ್ಟ ಹಾಗಲ್ಲ. ಆಂಗ್ಲೋ-ಮೈಸೂರು ಯುದ್ಧಗಳು ನಾಲ್ಕನ್ನೂ ಒಪ್ಪಂದಗಳ ಸಮೇತ ಒಪ್ಪಿಸುತ್ತಾನೆ. ಕನ್ನಡದ ಪದ್ಯಭಾಗ ಬಾಯಿಪಾಠ. ಗಣಿತದ ಪುಸ್ತಕ ಎದುರು ಬಂದಾಗ ಮಾತ್ರ ಅವನಿಗೆ ಒಂದು ವಸ್ತು ಬೇಕಾಗುತ್ತದೆ. ಅದರ ಹೆಸರು ಮೂಡ್.

‘ಅಮ್ಮಾ, ಬೇರೆ ಸಬ್ಜೆಕ್ಟ್ ಹೇಗೆ ಬೇಕಾದ್ರೂ ಓದಬಹುದು ಕಣಮ್ಮ. ಲೆಕ್ಕಕ್ಕೆ ಮೂಡ್ ಬರಬೇಕು.’

ಹೀಗಾಗಿ ಮನೆ ಪೂರ್ತಿ ಮೂಡ್ ಬರಿಸುವ ಕೆಲಸದಲ್ಲಿ ತೊಡಗಿದೆ. ಬೆಳಿಗ್ಗೆ ಎದ್ದ ಕೂಡಲೇ ರಾತ್ರಿ ನೆನೆಸಿಟ್ಟ ಬಾದಾಮಿ, ಮಧ್ಯಾಹ್ನ ಊಟಕ್ಕೆ ಒಂದೆಲಗದ ತಂಬುಳಿ. ಅಜ್ಜಿ ಹಯಗ್ರೀವ ಸ್ತೋತ್ರ ಹೇಳಿಕೊಡುತ್ತಾರೆ. ಪುಟ್ಟನಿಗೆ ಹಯಗ್ರೀವ ಎಂದರೆ ಕಡಲೆಬೇಳೆ ಬೆಲ್ಲದ ಸಿಹಿಯೇ ಹೆಚ್ಚು ಪರಿಚಯ. ಅಮ್ಮ ಶೃಂಗೇರಿಗೆ ಹರಕೆ ಹೊತ್ತಿದ್ದಾರೆ. ಶಾರದೆಗೆ ಈ ಸೀಸನ್ನಿನಲ್ಲಿ ಎಂಥ ನೂಕುನುಗ್ಗಲು ಎಂಬುದು ಫೆಬ್ರುವರಿಯಲ್ಲಿ ಅಲ್ಲಿಗೆ ಹೋದವರಿಗೆ ಗೊತ್ತು.

ಅಪ್ಪನ ಪಾಲಿಗೆ ಬಂದಿರುವುದು ಸ್ಫೂರ್ತಿ ಇಲಾಖೆ. ‘ಶಕುಂತಲಾ ದೇವಿ ಯಾರು ಗೊತ್ತೇನೋ? ನಮ್ಮ ಬೆಂಗಳೂರಿನವರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆ ಕೊಟ್ಟು ಗುಣಿಸಿ ಅಂದ್ರು. ಪೆನ್ನಿಲ್ಲ, ಪೇಪರಿಲ್ಲ. 28 ಸೆಕೆಂಡು!’

ಪುಟ್ಟ ಕಣ್ಣರಳಿಸಿ ಕೇಳಿದ. ‘ಅವರು ಯಾವ ಸ್ಕೂಲು ಅಪ್ಪ?’

ಅವರು ಸರಿಯಾಗಿ ಶಾಲೆಗೇ ಹೋದವರಲ್ಲ ಎಂಬುದು ಅಪ್ಪನಿಗೆ ಆಗ ನೆನಪಾಯಿತು. ಆ ದಿನದ ಸ್ಫೂರ್ತಿ ಕಾರ್ಯಕ್ರಮ ಅಲ್ಲಿಗೆ ಮುಕ್ತಾಯ.

ಪುಟ್ಟ ತಾನೂ ಸ್ಫೂರ್ತಿ ಸಂಗ್ರಹಿಸುತ್ತಾನೆ, ಮೊಬೈಲಿನಲ್ಲಿ. ಅಬ್ಬರದ ಸಂಗೀತ, ಬೆಟ್ಟ ಹತ್ತುವ ಸಿಂಹ, ಹಿನ್ನೆಲೆಯಲ್ಲಿ ಗಡಸು ದನಿ. ಅವನ್ನೆಲ್ಲ ನೋಡಿ ಇಬ್ಬರು ಮಹಾಪುರುಷರನ್ನು ತನ್ನ ಪಕ್ಷಕ್ಕೆ ಸೇರಿಸಿಕೊಂಡಿದ್ದಾನೆ. ಒಬ್ಬರು ಐನ್‌ಸ್ಟೈನ್. ‘ಅವರೂ ಮ್ಯಾತ್ಸ್‌ನಲ್ಲಿ ಫೇಲು’ ಎನ್ನುತ್ತಾನೆ. ಇದು ಹಳೆಯ ಗಾಳಿಸುದ್ದಿ. 1935ರಲ್ಲಿ ಆ ಸುದ್ದಿಯ ತುಣುಕನ್ನು ತೋರಿಸಿದಾಗ ಸ್ವತಃ ಐನ್‌ಸ್ಟೈನರೇ ಅಲ್ಲಗಳೆದಿದ್ದರು. ಹದಿನೈದು ತುಂಬುವ ಮೊದಲೇ ಅವರು ಕಲನಶಾಸ್ತ್ರ ಕಲಿತಿದ್ದರು. ಇನ್ನೊಬ್ಬರು ರಾಮಾನುಜನ್. ಅವರು ಎಫ್.ಎ. ಪರೀಕ್ಷೆಯಲ್ಲಿ ನಪಾಸಾದದ್ದು ನಿಜ, ಆದರೆ ಬೇರೆ ವಿಷಯಗಳಲ್ಲಿ. ಗಣಿತವೊಂದೇ ಅವರ ಕೈಬಿಡದೆ ಇದ್ದದ್ದು. ಪುಟ್ಟನ ಕೇಸು ಇದಕ್ಕೆ ನೇರ ತಿರುಗುಮುರುಗು ಎಂದು ಅವನಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ, ಮೂಡ್ ಕೆಟ್ಟರೆ?

ತಾತ ಒಮ್ಮೆ ಬೇರೆ ದಾರಿ ಹಿಡಿದರು. ನಾಡಾಭಿಮಾನದ ದಾರಿ. ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲೇ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದರು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಅಂಥ ನೆಲದಲ್ಲಿ ಹುಟ್ಟಿದವನು ನೀನು ಎಂದರು. ಪುಟ್ಟ ಗಂಭೀರವಾಗಿ, ‘ಓ, ಇವರೇನಾ ಶುರು ಮಾಡಿದ್ದು’ ಎಂದ. ಇಷ್ಟು ದಿನ ಯಾರನ್ನು ಬೈಯಬೇಕೆಂದು ತಿಳಿಯದೆ ಅವನು ಕಷ್ಟಪಡುತ್ತಿದ್ದ.

ಹಾಗಾದರೆ ಅವನ ತಲೆಗೆ ಲೆಕ್ಕ ಹತ್ತುವುದೇ ಇಲ್ಲವೆ? 2024ರ ಮೇ 18ರ ರಾತ್ರಿ ನೀವು ಅವನನ್ನು ನೋಡಬೇಕಿತ್ತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಬೆಂಗಳೂರು-ಚೆನ್ನೈ ಪಂದ್ಯ. ಪ್ಲೇಆಫ್‌ಗೆ ಹೋಗಲು ಬೆಂಗಳೂರು ಗೆದ್ದರೆ ಸಾಲದು, ರನ್‌ರೇಟಿನಲ್ಲೂ ಮೇಲೆ ಬರಬೇಕು. ಮೊದಲು ಬ್ಯಾಟ್ ಮಾಡಿದರೆ ಸುಮಾರು 18 ರನ್ನಿನಿಂದ ಗೆಲ್ಲಬೇಕು, ಬೆನ್ನಟ್ಟಿದರೆ 18.1 ಓವರಿನೊಳಗೆ ಮುಗಿಸಬೇಕು. ನೆರೆಹೊರೆಯ ದೊಡ್ಡವರೆಲ್ಲ ‘ಅದ್ಹೇಗೆ?’ ಎಂದು ಬಾಯಿ ಬಿಡುತ್ತಿದ್ದಾಗ ಪುಟ್ಟ ವಿವರಿಸುತ್ತಿದ್ದ: ‘18.1 ಅಂದ್ರೆ ದಶಮಾಂಶ ಅಲ್ಲ ಅಂಕಲ್. ಒಂದು ಬಾಲು. ಓವರಿಗೆ ಆರು ಬಾಲು ಅಲ್ವಾ, ಅದಕ್ಕೆ ಭಾಗಿಸುವಾಗ 18 ಮತ್ತು 1/6 ಅಂತ ತಗೋಬೇಕು.’ ಬೆಂಗಳೂರು 218 ಹೊಡೆಯಿತು. ‘ಚೆನ್ನೈ 200 ದಾಟಿದ್ರೆ ಸೋತ್ರೂ ಅವರೇ ಒಳಗೆ’ ಎಂದು ಉಗುರು ಕಚ್ಚುತ್ತ ಕೂತ. ಚೆನ್ನೈ 191ಕ್ಕೆ ನಿಂತಿತು, ಬೀದಿಯಲ್ಲಿ ಪಟಾಕಿ. ಇಷ್ಟೆಲ್ಲ ಮಾಡಿದವನು ಮರುವರ್ಷ ಶಾಲೆಯಲ್ಲಿ, ‘ಮಿಸ್, ಭಿನ್ನರಾಶಿ ನಂಗೆ ಮೊದಲಿಂದ್ಲೂ ಬರಲ್ಲ’ ಎಂದ. ಸುಳ್ಳಲ್ಲ, ಅವನು ಮನಸಾರೆ ನಂಬಿದ್ದಾನೆ.

ಈಗ ಅವನು ಲೆಕ್ಕಕ್ಕೆ ಕೂರುವ ವಿಧಾನ ನೋಡೋಣ. ಕೂರುತ್ತಾನೆ ಎಂಬುದೇ ದೊಡ್ಡ ಸುದ್ದಿ. ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲುತ್ತದೆ. ಹೊಸ ಹಾಳೆ. ಸ್ಕೇಲಿಟ್ಟು ಎಡಕ್ಕೊಂದು ಮಾರ್ಜಿನ್, ಮೇಲೊಂದು ಮಾರ್ಜಿನ್. ದಿನಾಂಕ. ಮಧ್ಯದಲ್ಲಿ ಶ್ರೀಕಾರ. ‘ವರ್ಗ ಸಮೀಕರಣಗಳು’ ಎಂದು ನೀಲಿಯಲ್ಲಿ ಬರೆದು ಅಡಿಗೆರೆ ಕಪ್ಪಿನಲ್ಲಿ. ಅಡಿಗೆರೆ ಸೊಟ್ಟಗಾಯಿತು, ಹಾಳೆ ಹರಿದು ಮತ್ತೆ ಮೊದಲಿಂದ. ಜಾಮೆಟ್ರಿ ಬಾಕ್ಸು ತೆಗೆದು ಕೈವಾರದ ಪೆನ್ಸಿಲು ಚೂಪು ಮಾಡುತ್ತಾನೆ. ವರ್ಗ ಸಮೀಕರಣಕ್ಕೆ ಕೈವಾರ ಯಾಕೆ ಎಂದು ಕೇಳಬಾರದು. ನೀರು ಕುಡಿದು ಬರುತ್ತಾನೆ. ನೀರು ಕುಡಿದದ್ದರ ಪರಿಣಾಮವಾಗಿ ಇನ್ನೊಮ್ಮೆ ಎದ್ದು ಹೋಗಿ ಬರುತ್ತಾನೆ. ಆಮೇಲೆ ಪ್ರಶ್ನೆ ಓದುತ್ತಾನೆ.

ಒಂದು ರೈಲು 360 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಹೋಗುತ್ತದೆ. ಗಂಟೆಗೆ 5 ಕಿ.ಮೀ. ಹೆಚ್ಚು ಓಡಿದ್ದರೆ ಒಂದು ಗಂಟೆ ಬೇಗ ತಲುಪುತ್ತಿತ್ತು. ವೇಗ ಎಷ್ಟು?

ಪುಟ್ಟನಿಗೆ ರೈಲಿನ ಬಗ್ಗೆ ಆಸಕ್ತಿ ಹುಟ್ಟುತ್ತದೆ. ಎಲ್ಲಿಂದ ಹೊರಟದ್ದು ಎಂದೇ ಬರೆದಿಲ್ಲವಲ್ಲ! ನಡುವೆ ಕ್ರಾಸಿಂಗ್ ಇಲ್ಲವಾ? ಇದನ್ನೆಲ್ಲ ಅಮ್ಮನೊಂದಿಗೆ ಚರ್ಚಿಸಿ, ಕಡೆಗೆ ವೇಗವನ್ನು x ಎಂದಿಟ್ಟುಕೊಂಡು ಲೆಕ್ಕ ಶುರು ಮಾಡುತ್ತಾನೆ. ಅರ್ಧ ಪುಟದ ನಂತರ ಉತ್ತರ ಬಂತು: ಗಂಟೆಗೆ 0.85 ಕಿಲೋಮೀಟರು. ಆ ವೇಗದಲ್ಲಿ ರೈಲು ತಲುಪಲು ಹದಿನೇಳು ದಿನಕ್ಕೂ ಹೆಚ್ಚು ಬೇಕು. ಪುಟ್ಟನಿಗೆ ಏನೂ ಅನುಮಾನ ಬರಲಿಲ್ಲ. ‘ಪ್ಯಾಸೆಂಜರ್ ಇರಬೇಕು’ ಎಂದುಕೊಂಡು ಉತ್ತರದ ಸುತ್ತ ಚೌಕ ಹಾಕಿದ. ಪುಸ್ತಕದ ಹಿಂದೆ 40 ಎಂದಿತ್ತು. ‘ನೋಡಿದ್ಯಾ ಅಮ್ಮ, ಎಷ್ಟು ಮಾಡಿದ್ರೂ ಅಷ್ಟೇ’ ಎಂದು ಪುಸ್ತಕ ಮುಚ್ಚಿದ. ಮೂಡ್ ಹೊರಟುಹೋಯಿತು. ಮುಂದಿನ ಮೂರು ದಿನ ಮನೆಯಲ್ಲಿ ಸೂತಕದ ಕಳೆ.

ಇಂಥ ಹುಡುಗನನ್ನು ಗಣಿತದ ಮಿಸ್ ಹೇಗೆ ನಿಭಾಯಿಸುತ್ತಾರೆ ಎಂಬುದು ನನ್ನ ಕುತೂಹಲವಾಗಿತ್ತು. ಅವರು ಸ್ಫೂರ್ತಿಯ ಸುದ್ದಿಗೇ ಹೋಗಲಿಲ್ಲ. ಹರಿದು ಎಸೆಯದೆ ಉಳಿಸಿದ ಆ ಒಂದು ಹಾಳೆಯನ್ನು ಇಸಿದುಕೊಂಡು ಸಾಲುಸಾಲಾಗಿ ಬೆರಳಿಟ್ಟು ಬಂದರು. ಸಮೀಕರಣ ಸರಿಯಾಗಿಯೇ ಬರೆದಿದ್ದ. ಛೇದ ತೆಗೆದದ್ದೂ ಸರಿ. 360 (x + 5) ಎಂಬಲ್ಲಿ ಬೆರಳು ನಿಂತಿತು. ಪುಟ್ಟ ಅದನ್ನು ಬಿಡಿಸಿ 360x + 5 ಎಂದು ಬರೆದಿದ್ದ.

‘ಆವರಣದ ಹೊರಗಿರೋದು ಒಳಗಿರೋ ಇಬ್ಬರನ್ನೂ ಗುಣಿಸಬೇಕು ಕಣೋ. ನೀನು ಮಾಡಿರೋದು ಅತ್ತೆಗೆ ಕುಂಕುಮ ಕೊಟ್ಟು, ಪಕ್ಕದಲ್ಲೇ ನಿಂತಿರೋ ಸೊಸೆಗೆ ಕೊಡದೆ ಬಂದ ಹಾಗಿದೆ.’

ಪುಟ್ಟನ ಹಳೆಯ ನೋಟ್‌ಬುಕ್ಕುಗಳನ್ನು ತಿರುವಿದರೆ ಎಲ್ಲ ಕಡೆ ಸೊಸೆಗೆ ಕುಂಕುಮ ತಪ್ಪಿತ್ತು. ಏಳನೇ ತರಗತಿಯಿಂದ! ಬಹುಪದೋಕ್ತಿಯಲ್ಲಿ, ಸಮಾಂತರ ಶ್ರೇಢಿಯಲ್ಲಿ, ಎಲ್ಲೆಲ್ಲಿ ಆವರಣವೋ ಅಲ್ಲಲ್ಲಿ. ಮೂರು ವರ್ಷ ಅವನು ಗಣಿತವನ್ನು ದ್ವೇಷಿಸುತ್ತಿದ್ದೇನೆ ಎಂದುಕೊಂಡು ದ್ವೇಷಿಸಿದ್ದು ಒಂದು ಜೊತೆ ಕಂಸವನ್ನು. ನಾನು ಕಂಡ ಗಣಿತದ್ವೇಷಿಗಳಲ್ಲಿ ಹೆಚ್ಚಿನವರ ಕಥೆ ಇಷ್ಟೇ: ಎಲ್ಲೋ ಹಿಂದಿನ ತರಗತಿಯಲ್ಲಿ, ಜ್ವರ ಬಂದೋ ಜಾತ್ರೆಗೆ ಹೋಗಿಯೋ ತಪ್ಪಿಸಿಕೊಂಡ ಒಂದು ಪಾಠ. ಅದನ್ನು ಹುಡುಕುವ ಬದಲು ಬಾದಾಮಿ ನೆನೆಸುತ್ತೇವೆ.

ಮಿಸ್ ಹೇಳಿದ ಔಷಧ ತೀರಾ ಸಪ್ಪೆ. ದಿನಕ್ಕೆ ಎರಡು ಲೆಕ್ಕ, ಅದೂ ಶಾಲೆಯಿಂದ ಬಂದು ಕಾಫಿ ಕುಡಿಯುವ ಮೊದಲು. ಉತ್ತರ ಬರಬೇಕಾಗಿಲ್ಲ, ಎಲ್ಲಿ ನಿಂತೆಯೋ ಅಲ್ಲಿ ಒಂದು ನಕ್ಷತ್ರ ಹಾಕಿ ತಾ, ಸಾಕು. ‘ಮೂಡ್ ಇಲ್ದಿದ್ರೆ ಮಿಸ್?’ ಎಂದ ಪುಟ್ಟ. ‘ಮೂಡ್ ಇಲ್ದೇ ಮಾಡು. ನಾನು ಮೂಡ್ ಬಂದಾಗ ಮಾತ್ರ ಪಾಠ ಮಾಡ್ತೀನಾ?’ ಎಂದರು. ಇದಕ್ಕೆ ಯಾವ ರೀಲಿನ ಸಿಂಹವೂ ಉತ್ತರ ಹೇಳಿಕೊಟ್ಟಿರಲಿಲ್ಲ.

ಪವಾಡವೇನೂ ನಡೆಯಲಿಲ್ಲ. ಆದರೆ ಇಷ್ಟವಿಲ್ಲದ ಕೆಲಸದಲ್ಲೂ ಅವನಿಗೆ ಒಂದೆರಡು ಇಷ್ಟಗಳು ಹುಟ್ಟಿಕೊಂಡವು. ವರ್ಗ ಸಮೀಕರಣದಲ್ಲಿ ಶೋಧಕ ಸೊನ್ನೆಗಿಂತ ಕಡಿಮೆ ಬಂದರೆ ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ಎದ್ದುಬಿಡಬಹುದು. ಉತ್ತರವಿಲ್ಲ ಎಂಬುದೇ ಉತ್ತರವಾಗುವ ಈ ಲೆಕ್ಕ ಪುಟ್ಟನಿಗೆ ಪ್ರಾಣ. ರೈಲಿನ ಲೆಕ್ಕವೂ ಕಡೆಗೆ ಬಂತು: ಒಂದು ಉತ್ತರ 40, ಇನ್ನೊಂದು ಋಣ 45. ವೇಗ ಋಣವಾಗದು, ಅದನ್ನು ಬಿಡಬೇಕು ಎಂದರು ಮಿಸ್. ‘ಶಂಟಿಂಗ್ ಮಾಡುವಾಗ ಹಿಂದಕ್ಕೆ ಹೋಗುತ್ತಲ್ಲ ಮಿಸ್?’ ಎಂದ. ತರಗತಿ ನಕ್ಕಿತು, ಮಿಸ್ಸೂ ನಕ್ಕರು. ಗಣಿತದ ಪೀರಿಯಡ್ಡಿನಲ್ಲಿ ಅವನು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಪರೀಕ್ಷೆ ಹತ್ತಿರ ಬಂದ ಹಾಗೆ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ. ಥೇಲ್ಸ್‌ನ ಪ್ರಮೇಯ, ನಕ್ಷೆಯ ಮೂಲಕ ಬಿಡಿಸುವ ಸಮೀಕರಣಗಳ ಜೋಡಿ, ಬಾಹ್ಯಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ ಎಂಬ ಸಾಧನೆ. ಪ್ರಮೇಯವನ್ನು ಪುಟ್ಟ ‘ದತ್ತ, ಸಾಧನೀಯ, ರಚನೆ, ಸಾಧನೆ’ ಎಂದು ಅಜ್ಜಿಯ ಸ್ತೋತ್ರದ ರಾಗದಲ್ಲೇ ಹೇಳುತ್ತಾನೆ. ಆಂತರಿಕ ಮೌಲ್ಯಮಾಪನದ 20 ಅಂಕ ಒಂದು ಕಡೆ, ಲಿಖಿತ ಪರೀಕ್ಷೆಯ 80 ಒಂದು ಕಡೆ ಇಟ್ಟುಕೊಂಡು ಎಷ್ಟು ಬಂದರೆ ದಡ ಎಂದು ಎಣಿಸುತ್ತಾನೆ. ಪಾಸಿನ ಅಂಕ ಶೇ 35ರಿಂದ 33ಕ್ಕೆ ಇಳಿಯುತ್ತದೆ ಎಂದು 2025ರ ಅಕ್ಟೋಬರಿನಲ್ಲಿ ಸರ್ಕಾರ ಹೇಳಿದಾಗ, 625ಕ್ಕೆ 206 ಎಂದು ಪತ್ರಿಕೆ ತೆರೆಯುವ ಮೊದಲೇ ಅಪ್ಪನಿಗೆ ಹೇಳಿದವನು ಇವನು. 2024ರಿಂದ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಅವಕಾಶ ಬಂದಿದೆಯಲ್ಲ, ಅದರ ದಿನಾಂಕಗಳೂ ಅವನಿಗೆ ಬಾಯಿಪಾಠ. ಮೂರನೆಯದನ್ನು ಅವನು ಹೆಚ್ಚು ಗೌರವದಿಂದ ನೋಡುತ್ತಾನೆ.

ಅದರ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಪುಟ್ಟಂದಿರು ಮೊದಲ ಪರೀಕ್ಷೆಯಲ್ಲೇ, ಗಡಿಯಿಂದ ಹತ್ತೆಂಟು ಅಂಕ ಮೇಲೆ, ಪಾಸಾಗಿ ಬರುತ್ತಾರೆ. ಅಮ್ಮ ಹರಕೆ ತೀರಿಸಲು ಶೃಂಗೇರಿ ಬಸ್ಸು ಹತ್ತುತ್ತಾರೆ. ಮಿಸ್ಸಿಗೆ ಅರ್ಧ ಕೆ.ಜಿ. ಮೈಸೂರುಪಾಕು ಹೋಗುತ್ತದೆ. ಗಣಿತದ ಪುಸ್ತಕ ಅದೇ ವಾರ ಹಳೇ ಪೇಪರಿನವನ ತಕ್ಕಡಿ ಏರುತ್ತದೆ. ಉಳಿದ ಪುಸ್ತಕಗಳು ಪಕ್ಕದ ಮನೆಯ ಹುಡುಗಿಗೆ. ಜನ್ಮದಲ್ಲಿ ಇನ್ನು ಲೆಕ್ಕದ ಮುಖ ನೋಡುವುದಿಲ್ಲ ಎಂದು ಘೋಷಿಸಿ ಅವನು ಪಿಯುಸಿಗೆ ಕಲಾ ವಿಭಾಗ ಸೇರುತ್ತಾನೆ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ನಾಲ್ಕರಲ್ಲಿ ಒಂದರ ಹೆಸರಿನಲ್ಲೂ ಗಣಿತ ಎಂಬ ಶಬ್ದವಿಲ್ಲ.

ನಿಮ್ಮ ಮನೆಯಲ್ಲಿಯೂ ಇಂಥವನೊಬ್ಬ ಅರ್ಜಿ ತುಂಬಲು ಕೂತಿದ್ದರೆ ಒಂದು ಉಪಕಾರ ಮಾಡಿ. ಮೊದಲ ಪಿಯುಸಿ ಅರ್ಥಶಾಸ್ತ್ರದ ಪಠ್ಯದ ಪರಿವಿಡಿಯನ್ನು ಅವನಿಗೆ ಮೊದಲೇ ತೋರಿಸಿಬಿಡಿ. ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಅಲ್ಲಿವೆ.