ಯಾರ ಮನೆ ಡಬ್ಬಿ?

ನಮ್ಮಮ್ಮನಿಗೊಂದು ಅಭ್ಯಾಸ. ಅಡುಗೆಮನೆಯಲ್ಲಿ ಗುರುತು ಹತ್ತದ ಸ್ಟೀಲ್ ಡಬ್ಬಿ ಕಂಡರೆ ಸಾಕು, ಬೋರಲು ಹಾಕಿ ಕಣ್ಣಿನ ಹತ್ತಿರ ಹಿಡಿಯುತ್ತಾಳೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರಲ್ಲ, ಅದನ್ನು ಓದಿ ತೀರ್ಪು ಕೊಡುತ್ತಾಳೆ: “ಇದು ನಮ್ಮದಲ್ಲ.” ಹದಿನೈದು ವರ್ಷ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆದ ನಾನು ಈ ವಿದ್ಯೆ ಕಲಿತದ್ದು ಹೋದ ತಿಂಗಳು.

ಆದದ್ದಿಷ್ಟು. ಜಾವಾಸ್ಕ್ರಿಪ್ಟ್ ಓಡಿಸುವ ‘ನೋಡ್’ ಮೇಲೆ ನಾನು ಬರೆದ ಪುಟ್ಟ ಪ್ರಾಜೆಕ್ಟೊಂದನ್ನು ತಂಡಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಕೊಟ್ಟೆ. ಕಾಫಿ ಆರುವ ಮುಂಚೆ ವಾಪಸ್ ಬಂದ.

“ಸರ್, ‘ಕೆನಾಟ್ ಫೈಂಡ್ ಮಾಡ್ಯೂಲ್ ಲೋಡ್ಯಾಶ್’ ಅಂತಿದೆ.”

“ನನ್ನ ಮಶೀನಲ್ಲಿ ಓಡ್ತಿದೆಯಲ್ಲಪ್ಪ!” ಅಂದೆ. ನಮ್ಮ ಕುಲದ ಮೂಲಮಂತ್ರವೇ ಅದು.

“ನೀವು ಗ್ಲೋಬಲ್ಲಾಗಿ ಹಾಕಿರ್ತೀರ ಸರ್,” ಅಂದ. ಮುಖ ತೊಳೆದಿದ್ದೀರಾ ಅಂತ ಕೇಳಿದ ಹಾಗಿತ್ತು ಧ್ವನಿ.

ಈ ಆಪಾದನೆ ಎಷ್ಟು ದೊಡ್ಡದು ಅಂತ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಜಾವಾಸ್ಕ್ರಿಪ್ಟ್ ಬರೆಯುವವರು ಲೋಡ್ಯಾಶ್‌ನಂಥ, ಬೇರೆಯವರು ಮಾಡಿಟ್ಟ ಪ್ಯಾಕೇಜುಗಳನ್ನು ಎನ್‌ಪಿಎಂ ಎಂಬ ಸಲಕರಣೆಯಿಂದ ತರಿಸಿಕೊಳ್ಳುತ್ತಾರೆ, 2010ರಿಂದಲೂ ಹೀಗೇ. ಸುಮ್ಮನೆ ತರಿಸಿದರೆ ಅದು ಆ ಪ್ರಾಜೆಕ್ಟಿನದೇ ‘ನೋಡ್ ಮಾಡ್ಯೂಲ್ಸ್’ ಫೋಲ್ಡರಿನಲ್ಲಿ ಕೂರುತ್ತದೆ. ಅದು ಲೋಕಲ್. ಹೈಫನ್ ಜಿ ಸೇರಿಸಿದರೆ ಇಡೀ ಮಶೀನಿಗೆ ಸೇರಿದ ಜಾಗಕ್ಕೆ ಹೋಗುತ್ತದೆ. ಅದು ಗ್ಲೋಬಲ್. ಹೆಸರು ಕೇಳಿ ಭೂಮಂಡಲ ಅಂದುಕೊಳ್ಳಬೇಡಿ. ಅದರ ಸಾಮ್ರಾಜ್ಯ ನಿಮ್ಮ ಮಡಿಲ ಮೇಲಿನ ಲ್ಯಾಪ್‌ಟಾಪು, ಅಷ್ಟೇ. ನೋಡ್ ಆವೃತ್ತಿಗಳನ್ನು ಅದಲುಬದಲು ಮಾಡುವ ಎನ್‌ವಿಎಂ ಇಟ್ಟುಕೊಂಡವರಿಗೆ ಅದೂ ಇಲ್ಲ. ನೋಡ್ ಆವೃತ್ತಿ ಬದಲಾಯಿಸಿದ ಕೂಡಲೇ ಹಳೆ ಗ್ಲೋಬಲ್ ಸಾಮಾನೆಲ್ಲ ಮಾಯ.

ಆದರೂ ಕಂಡದ್ದಕ್ಕೆಲ್ಲ ಜಿ ಹಚ್ಚುವವರಿದ್ದಾರೆ, ಮರ್ಯಾದೆಗೆ ಗಾಂಧೀಜಿ ನೆಹರೂಜಿ ಅನ್ನುವ ಹಾಗೆ. ಅನುಮತಿ ಇಲ್ಲ ಅಂತ ಕಂಪ್ಯೂಟರ್ ಗೊಣಗಿದರೆ ಮುಂದೆ ಯಜಮಾನನ ಅಧಿಕಾರ ಕೊಡುವ ಒಂದು ‘ಸುಡೋ’ ಬೇರೆ. ಬಲ್ಲವರು ಅದನ್ನು ‘ಸೂಡೂ’ ಅನ್ನಬೇಕು ಅನ್ನುತ್ತಾರೆ. ಬೇಡ, ನಮ್ಮ ಉಚ್ಚಾರವೇ ಸರಿ. ಕನ್ನಡ ಬಲ್ಲವರು ಅದನ್ನು ಒಂದು ಸಲ ಜೋರಾಗಿ ಹೇಳಿಕೊಂಡರೆ ಎಂಟರ್ ಒತ್ತುವ ಬೆರಳು ತಾನೇ ಹಿಂದೆ ಬರುತ್ತದೆ.

ಹುಡುಗನ ಆಪಾದನೆಯಲ್ಲಿ ಒಂದು ತಪ್ಪಿತ್ತು, ಅದನ್ನು ಹಿಡಿದು ನಾನು ಸ್ವಲ್ಪ ಮೆರೆದೆ. “ಗ್ಲೋಬಲ್ಲಾಗಿ ಹಾಕಿದ್ರೂ ಪ್ರೋಗ್ರಾಮಿಗೆ ಅದು ಕಾಣಿಸೋದೇ ಇಲ್ಲ ಮಾರಾಯ. ಪ್ಯಾಕೇಜ್ ಕರೆಯೋ ‘ರಿಕ್ವೈರ್’ ಅಲ್ಲಿಗೆ ಹೋಗಿ ಹುಡುಕಲ್ಲ. ಗ್ಲೋಬಲ್ ಇರೋದು ಟರ್ಮಿನಲ್ಲಿನಲ್ಲಿ ಕಮಾಂಡ್ ಹೊಡೆಯೋಕೆ.” ಬೇಕಾದರೆ ನೋಡು ಅಂತ ‘ಎನ್‌ಪಿಎಂ ಎಲ್‌ಎಸ್ ಹೈಫನ್ ಜಿ’ ಹೊಡೆದೆ. ನಾಲ್ಕು ಹೆಸರು ಬಂದವು, ಲೋಡ್ಯಾಶ್ ಇರಲಿಲ್ಲ. ಗೆದ್ದೆ.

“ಹಾಗಾದ್ರೆ ಲೋಕಲ್ ಇರ್ಬೇಕು ಸರ್.” ಪ್ರಾಜೆಕ್ಟಿನೊಳಗೆ ನಿಂತು ‘ಎನ್‌ಪಿಎಂ ಎಲ್‌ಎಸ್ ಲೋಡ್ಯಾಶ್’ ಹೊಡೆದೆ. ಉತ್ತರ: ‘ಎಂಪ್ಟಿ’. ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿ ಇರುವ ಪ್ಯಾಕೇಜ್ ಡಾಟ್ ಜೇಸನ್ ತೆರೆದರೆ ಅಲ್ಲೂ ಅದರ ಹೆಸರಿಲ್ಲ. ಪ್ರೋಗ್ರಾಮ್ ಮಾತ್ರ ಕಣ್ಣೆದುರೇ ಓಡುತ್ತಿದೆ.

“ಒಳಗೂ ಇಲ್ಲ, ಹೊರಗೂ ಇಲ್ಲ. ಹಿರಣ್ಯಕಶಿಪು ಕೇಸು ಸರ್ ಇದು,” ಅಂದ ಹುಡುಗ. ಸಂಬಳ ಕಡಿಮೆ, ಬಾಯಿ ಜಾಸ್ತಿ.

ಕಂಬ ಒದೆಯುವುದೊಂದೇ ಬಾಕಿ. ನೋಡ್‌ಗೆ ‘ರಿಕ್ವೈರ್ ಡಾಟ್ ರಿಸಾಲ್ವ್’ ಅಂತ ಕೇಳಿದರೆ ತಾನು ಸಾಮಾನು ಎತ್ತಿಕೊಂಡು ಬಂದ ಪೂರ್ತಿ ವಿಳಾಸ ಒಪ್ಪಿಸುತ್ತದೆ. ಡಬ್ಬಿ ಬೋರಲು ಹಾಕುವ ಕ್ರಮ ಅದು. ಕೇಳಿದೆ. ಪ್ರಾಜೆಕ್ಟಿಗಿಂತ ಮೂರು ಅಂತಸ್ತು ಮೇಲೆ, ನನ್ನ ಹೋಮ್ ಫೋಲ್ಡರಿನಲ್ಲಿ ಒಂದು ‘ನೋಡ್ ಮಾಡ್ಯೂಲ್ಸ್’ ಕಾಲು ಚಾಚಿಕೊಂಡು ಮಲಗಿತ್ತು.

ನೋಡ್‌ನ ಸ್ವಭಾವವೇ ಹಾಗೆ. ತನ್ನ ಮನೆಯಲ್ಲಿ ಸಕ್ಕರೆ ಇಲ್ಲದಿದ್ದರೆ ಅಪ್ಪನ ಮನೆಗೆ ಹೋಗುತ್ತದೆ, ಅಲ್ಲೂ ಇಲ್ಲದಿದ್ದರೆ ಅಜ್ಜನ ಮನೆಗೆ. ಫೋಲ್ಡರಿನ ಮೇಲೆ ಫೋಲ್ಡರ್ ಹತ್ತಿ ಡಿಸ್ಕಿನ ಬೇರಿನವರೆಗೂ ಕೈಚೀಲ ಹಿಡಿದು ಹೊರಡುತ್ತದೆ. ಸಿಕ್ಕರೆ ತಂದು ಬಳಸುತ್ತದೆ, ಯಾರದು ಅಂತ ಬಾಯಿ ಬಿಡುವುದಿಲ್ಲ. ‘ಎಲ್‌ಎಸ್’ ಶ್ಯಾನುಭೋಗರ ಪೈಕಿ: ಈ ಮನೆಯ ಲೆಕ್ಕ ಮಾತ್ರ ಕೇಳಿ, ಅಜ್ಜನ ಮನೆಯದು ನನಗೆ ಬೇಡ. ಹಾಗಾಗಿ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು, ತಲೆ ಕೆಟ್ಟಿದ್ದು ನಮಗೆ.

ಅಜ್ಜನ ಮನೆ ಕಟ್ಟಿದವನೂ ನಾನೇ. ಯಾವತ್ತೋ ಫೋಲ್ಡರ್ ಬದಲಿಸಲು ಮರೆತು ಹೋಮಿನಲ್ಲೇ ಇನ್‌ಸ್ಟಾಲ್ ಹೊಡೆದಿದ್ದೆ. ಅಲ್ಲಿಗೇ ಮುಗಿಯಲಿಲ್ಲ. ಪ್ಯಾಕೇಜ್ ಡಾಟ್ ಜೇಸನ್ ಇಲ್ಲದ ಬರಿ ಫೋಲ್ಡರಿನಲ್ಲಿ ನಿಂತು ಏನಾದರೂ ತರಿಸಿದರೆ ಎನ್‌ಪಿಎಂ ಮೇಲೆ ಹತ್ತಿ ನೋಡುತ್ತದೆ, ಯಾರ ಮನೆ ಬಾಗಿಲು ತೆರೆದಿದೆಯೋ ಅಲ್ಲಿ ಮೂಟೆ ಇಳಿಸುತ್ತದೆ. ಅವಸರದಲ್ಲಿ ತರಿಸಿದ್ದೆಲ್ಲ ನಾಲ್ಕು ವರ್ಷದಿಂದ ಅಲ್ಲಿಗೇ ಇಳಿದಿತ್ತು. ತರಿಸುವ ಮೊದಲು ‘ಎನ್‌ಪಿಎಂ ರೂಟ್’ ಅಂತ ಎರಡು ಪದ ಹೊಡೆದಿದ್ದರೆ ಮೂಟೆ ಎಲ್ಲಿಳಿಯುತ್ತದೆ ಅಂತ ಅದೇ ಹೇಳುತ್ತಿತ್ತು. ಹೊಡೆಯಬೇಕಲ್ಲ!

ಪಕ್ಕದ ಮೇಜಿನ ಪೈಥಾನ್ ಪಂಗಡದವರು ಕಿಸಕ್ಕನೆ ನಕ್ಕರು. ನಗುವ ಹಕ್ಕು ಅವರಿಗೇನೂ ಇಲ್ಲ. ಪ್ಯಾಕೇಜ್ ತರಿಸುವ ತಮ್ಮ ಸಲಕರಣೆಗೆ ‘ಪಿಪ್ ಶೋ’ ಅಂತ ಹೊಡೆದು ‘ಲೊಕೇಶನ್’ ಸಾಲನ್ನು ಓದುವುದೂ ಡಬ್ಬಿ ಬೋರಲು ಹಾಕುವ ಕೆಲಸವೇ. ಪ್ರತಿ ಪ್ರಾಜೆಕ್ಟಿಗೆ ಬೇರೆ ಅಡುಗೆಮನೆ ಮಾಡಿಕೊಡುವ ‘ವೆನ್‌ವ್’ 2012ರಿಂದ ಪೈಥಾನ್ ಜೊತೆಗೇ ಬರುತ್ತಿದ್ದರೂ ಇವರು ಸಿಸ್ಟಮ್ಮಿನ ಪೈಥಾನಿಗೇ ಸುರಿದರು. ಕೊನೆಗೆ ಲಿನಕ್ಸ್ ಬಳಗದ ಡೆಬಿಯನ್, 2023ರ ತನ್ನ 12ನೇ ಆವೃತ್ತಿಯಲ್ಲಿ ಬಾಗಿಲು ಹಾಕಿಕೊಂಡಿತು. ಹಟ ಮಾಡುವವರಿಗೆ ಒಂದು ಫ್ಲಾಗ್ ಉಂಟು, ಅದರ ಹೆಸರೇ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’. ಅದನ್ನು ಅಕ್ಷರ ಬಿಡದೆ ಟೈಪ್ ಮಾಡಿದವರನ್ನು ಬಲ್ಲೆ. ಆ ಹೊತ್ತಿಗೆ ನಕ್ಕವರೆಲ್ಲ ಎದ್ದು ಕಾಫಿಗೆ ಹೋಗಿದ್ದರು.

ಹೋಮಿನಲ್ಲಿದ್ದ ಆ ‘ನೋಡ್ ಮಾಡ್ಯೂಲ್ಸ್’ ಫೋಲ್ಡರನ್ನು ಅಳಿಸಿದೆ. ಸಂಜೆಯೊಳಗೆ ನನ್ನ ಆರು ಹಳೆ ಪ್ರಾಜೆಕ್ಟುಗಳು ಸಾಲಾಗಿ ಮಕಾಡೆ ಬಿದ್ದವು. ಹುಡುಗ ಕುರ್ಚಿ ಎಳೆದುಕೊಂಡು ನೋಡಿದ.

ಮನೆಗೆ ಬಂದರೆ ಅಮ್ಮನ ಕೈಯಲ್ಲಿ ಬೋರಲಾದ ಡಬ್ಬಿ.

“ಎದುರು ಮನೆಯವರದ್ದು ಕಣೋ. ಎಷ್ಟೋ ವರ್ಷದ ಹಿಂದೆ ಚಕ್ಕುಲಿ ಹಾಕಿ ಕೊಟ್ಟಿದ್ರು.”

“ಕೊಟ್ಬಿಡಮ್ಮ ಮತ್ತೆ.”

“ಖಾಲಿ ಡಬ್ಬಿ ಕೊಡ್ತಾರೇನೋ ಯಾರಾದ್ರೂ? ಏನಾದ್ರೂ ಮಾಡಿದಾಗ ತುಂಬಿ ಕೊಟ್ರಾಯ್ತು,” ಅಂದವಳೇ ನಮ್ಮ ಹುರಿಗಡಲೆಯನ್ನು ಅದಕ್ಕೆ ಸುರಿದು, ಮುಚ್ಚಳ ಒತ್ತಿ, ಇದ್ದ ಜಾಗದಲ್ಲೇ ಇಟ್ಟಳು.