ಉತಾರದಾಗ ಅಜ್ಜ ಅದಾನ

ಕಿತ್ತೂರಿನ ಯುದ್ಧ ಶುರುವಾದದ್ದೇ ವಾರಸಾ ವಿಷಯಕ್ಕೆ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ದತ್ತುಮಗನನ್ನು ವಾರಸುದಾರನೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ತಯಾರಿರಲಿಲ್ಲ. ಅಕ್ಟೋಬರ್ 23ಕ್ಕೆ ಥ್ಯಾಕರೆಯೇ ಉಳಿಯಲಿಲ್ಲ. ಆಮೇಲೆ ನಮ್ಮ ಕಡೆಯ ಜನ ಭಾಳ ಸುಧಾರಿಸಿದ್ದಾರೆ. ವಾರಸಾ ಅರ್ಜಿಗೆ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂದರೆ ಸುಮ್ಮನೆ ನಾಳೆ ಬರುತ್ತಾರೆ.

ನಮ್ಮ ಕಾಕಾ ರಿಟೈರ್ಡ್ ಮಾಸ್ತರ. ಸವದತ್ತಿ ಕಡೆಯ ಅವನ ಹೊಲದಲ್ಲಿ ಹೆಸರು ಬೆಳೆಯುತ್ತದೆ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಮಾತ್ರ ಅವನ ಹೆಸರಿಲ್ಲ; ಆರು ವರ್ಷದ ಹಿಂದೆ ಸತ್ತ ಅಜ್ಜನದೇ ಇದೆ. ಹೋದ ವರ್ಷ ಅವನ ಜೋಡಿ ಒಂದು ಕಚೇರಿಯ ಕಿಟಕಿಗೆ ನಿಂತಿದ್ದೆ.

“ಅಜ್ಜಾರು ತೀರಿಕೊಂಡಿದ್ದಕ್ಕ ದಾಖಲೆ?”

“ಇದ ನೋಡ್ರಿ ಸರ್ಟಿಫಿಕೇಟು. ನಿಮ್ಮ ಕಂಪ್ಯೂಟರಿನಾಗಿಂದನ ಬಂದೈತಿ.”

“ಅದು ಆ ಕಂಪ್ಯೂಟರ್ ರೀ. ಇದು ಬ್ಯಾರೆ.”

ಸಾವು ಬರೆದುಕೊಳ್ಳುವುದು ಇ-ಜನ್ಮ ತಂತ್ರಾಂಶ, ಹೊಲ ಬರೆದುಕೊಳ್ಳುವುದು ಭೂಮಿ ತಂತ್ರಾಂಶ. ಒಂದೇ ಮನೆಯ ಮಕ್ಕಳು. ವಾಟ್ನಿಯಾದ ಅಣ್ಣತಮ್ಮಂದಿರ ಹಾಗೆ ಮಾತು ಬಿಟ್ಟಂತಿದ್ದವು. ನಡುವೆ ಸುದ್ದಿ ಮುಟ್ಟಿಸಲು ಝೆರಾಕ್ಸ್ ಅಂಗಡಿಗೆ ಓಡಾಡಿದ್ದು ಎಪ್ಪತ್ತು ದಾಟಿದ ಕಾಕಾ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದೆ. ಅದರಲ್ಲೂ ಸತ್ತ ಸಾಲುಗಳು ಬಿದ್ದಿರುತ್ತವೆ. ಅವನ್ನು ಗುಡಿಸುವ ಕೆಲಸ 2008ರ ಆವೃತ್ತಿಯಿಂದ ತಾನಾಗಿಯೇ ನಡೆಯುತ್ತದೆ. ಯಾರೂ ಅರ್ಜಿ ಕೊಡಬೇಕಿಲ್ಲ, ವಂಶಾವಳಿ ಹಚ್ಚಬೇಕಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳು 2025ರಲ್ಲಿ 40 ಲಕ್ಷಕ್ಕೂ ಮೇಲಿದ್ದವು. ಅವನ್ನು ವಾರಸುದಾರರ ಹೆಸರಿಗೆ ಮಾಡುವ ಇ-ಪೌತಿ ಅಭಿಯಾನ ಅದೇ ವರ್ಷ ಶುರುವಾಯಿತು. ಒಳ್ಳೆಯದೇ. ಆದರೆ ಅಭಿಯಾನವೆಂದರೆ ದಸರೆಗೆ ಮನೆ ಸಾರಿಸಿದ ಹಾಗೆ. ಜನ ದಸರೆ ನೋಡಿಕೊಂಡು ಸಾಯುವುದಿಲ್ಲ.

ಇದೇ ಕಾಕಾ ನವೆಂಬರ್ ಬಂತೆಂದರೆ ಪಿಂಚಣಿಗಾಗಿ ತಾನು ಬದುಕಿದ್ದೇನೆಂದು ಸಾಬೀತು ಮಾಡಬೇಕು. ಬದುಕಿದವನ ಮೇಲೆ ಅನುಮಾನ ಆಟೋಮ್ಯಾಟಿಕ್, ಸತ್ತವನ ಮೇಲೆ ವಿಶ್ವಾಸವೂ ಆಟೋಮ್ಯಾಟಿಕ್. ಸ್ವಿಚ್ಚು ಇದೆ ಸ್ವಾಮಿ, ಉಲ್ಟಾ ಹಾಕಿದ್ದಾರೆ.

ಹಾಗಂತ ವಾರಸುದಾರರ ಹೆಸರೂ ತಾನಾಗಿ ಏರಲಿ ಎಂದು ನಾನು ಹೇಳುವುದಿಲ್ಲ. ಯಂತ್ರಕ್ಕೆ ಬಿಟ್ಟರೆ ಹಿರೇಮಗ ಕೂತು, ರಾಮದುರ್ಗಕ್ಕೋ ಬೈಲಹೊಂಗಲಕ್ಕೋ ಕೊಟ್ಟ ಹೆಣ್ಣುಮಕ್ಕಳು ಹಾರಿಹೋದಾರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವರಿಗೂ ಸಮಪಾಲು ಕೊಟ್ಟಿದೆ. ಸಾವು ದಾಖಲಾದ ದಿನವೇ ಹೆಸರು ಬದಲಾವಣೆಯ ವರ್ದಿ ತಾನಾಗಿ ಏಳಲಿ, ವಾರಸುದಾರರೆಲ್ಲರಿಗೂ ನೋಟಿಸು ಹೋಗಲಿ. ತಕರಾರಿದ್ದರೆ ಮನುಷ್ಯರು ಕೂತು ಕೇಳಲಿ.

ಅಲ್ಲಿತನಕ ನಿಮ್ಮ ಮನೆಯ ಉತಾರವನ್ನೊಮ್ಮೆ ತೆಗೆಸಿ ನೋಡಿ. ಕಾಕಾನದನ್ನು ನಾನು ಮೊನ್ನೆ ತೆಗೆಸಿದೆ. ಅಜ್ಜ ಇನ್ನೂ ಅದಾನ.