ಕದಲದ ಸ್ಟಡ್ಡು

ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಆ ಸುದ್ದಿ ಹಳೇ ಯೆಜ್ಡಿಗಳ ಎಂಜಿನ್ ಹೆಡ್ ಹಿಡಿದಿಡುವ ಸ್ಟಡ್‌ಗಳಿಗೆ ಇನ್ನೂ ತಲುಪಿಲ್ಲ. ಡ್ಯೂಟಿ ಬಿಟ್ಟು ಕದಲುವುದೇ ಇಲ್ಲ. ಸ್ಟಡ್ಡು ಉಕ್ಕು, ಅದು ಕೂತ ಮನೆ ಅಲ್ಯೂಮಿನಿಯಂ. ನಡುವೆ ನೀರಿನ ಪಸೆ ಸೇರಿತೋ, ಹಳೇ ಬಾಡಿಗೆದಾರನ ಹಾಗೆ ಬೇರೂರಿಬಿಡುತ್ತದೆ.

ಬಿಚ್ಚಿಸಲು ಹೋದರೆ "ಐದು ನಿಮಿಷದ ಕೆಲಸ ಸಾರ್" ಎನ್ನುತ್ತಾನೆ ಮೇಸ್ತ್ರಿ. ಎರಡು ನಟ್ ಹಾಕಿ, ಒಂದಕ್ಕೊಂದು ಬಿಗಿದು, ಕೆಳಗಿನದನ್ನು ತಿರುಗಿಸುತ್ತಾನೆ. ಜಗ್ಗದು. ತುಕ್ಕು ಬಿಡಿಸುವ ಎಣ್ಣೆ, ಆಮೇಲೆ ಬೆಂಕಿ, ಆಮೇಲೆ ಒಂದು ಟೀ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಬೆಂಕಿಗೆ ಅರ್ಥವಿದೆ, ಟೀಗೂ ಇದೆಯೆನ್ನಿ. ಅಷ್ಟರಲ್ಲಿ 'ಟಕ್'! ಸ್ಟಡ್ಡು ಅರ್ಧಕ್ಕೆ ಮುರಿಯಿತು. "ಮಾಲೇ ಸರಿಯಿಲ್ಲ ಸಾರ್!" ಇನ್ನು ಉಳಿದ ಮೋಟಿಗೆ ನಟ್ ವೆಲ್ಡ್ ಮಾಡಿಸಿ ತಿರುಗಿಸಿ ತೆಗೆಯಬೇಕು.

ಹೊಸದನ್ನು ಕೂರಿಸುವಾಗ ಶೌರ್ಯ ಬೇಡ. ತೂತಿನ ಮರೆಗಳಿಗೆ ಟ್ಯಾಪ್ ಆಡಿಸಿ, ಒಳಗಿನ ಎಣ್ಣೆ ಊದಿ ತೆಗೆದು, ಸ್ಟಡ್ಡನ್ನು ಮೆಲ್ಲಗೆ ಕೂರಿಸಿದರೆ ಸಾಕು. ತಳದಲ್ಲಿ ಎಣ್ಣೆ ನಿಂತಿದ್ದರೆ ಅದರ ಒತ್ತಡಕ್ಕೇ ಎರಕ ಬಿರಿಯಬಹುದು. ನಟ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು.

ಗ್ಯಾರೇಜಿಗೆ ಹೋದಾಗ ಬಿಗಿತ ಅಳೆಯುವ ಟಾರ್ಕ್ ರೆಂಚ್ ಇದೆಯಾ ಎಂದು ಮೊದಲೇ ಕೇಳಿ. "ಕೈ ಅಂದಾಜು ಸಾಕು ಸಾರ್" ಅಂದರೆ ಗಾಡಿ ತಳ್ಳಿಕೊಂಡು ಮುಂದಿನ ಗ್ಯಾರೇಜಿಗೆ ನಡೆಯಿರಿ.